ಮೇಳಕ್ಕೆ ಹೋರಿ ಕಟ್ಟುವ ತಮ್ಮನಿಗೆ

ತಮ್ಮಾ, ನಂದಿನಗರದ ಪಶು ವಿಶ್ವವಿದ್ಯಾಲಯದ ಮೇಳಕ್ಕೆ ನಮ್ಮ ಮೈಲೂರದಿಂದಲೂ ಒಂದು ದೇವಣಿ ಹೋರಿ ಹೋಗಬೇಕು ಅನ್ನುವ ನಿನ್ನ ಹುರುಪು ಕಂಡು ಖುಷಿಯಾಯಿತು. ಆದರೆ ಹಿಂದಿನ ದಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೆಜ್ಜೆ ಕಟ್ಟಿದರೆ ಹೋರಿ ತಯಾರಾಯಿತೆಂದು ತಿಳಿಯಬೇಡ. ಆ ಕೆಲಸ ಅದರ ತಾಯಿ ಬೆದೆಗೆ ಬಂದ ದಿನವೇ ಶುರುವಾಗಿರುತ್ತದೆ.

ದೇವಣಿ ಅನ್ನುವ ಹೆಸರು ಗಡಿಯಾಚೆಯ ಲಾತೂರ ಜಿಲ್ಲೆಯ ಊರಿನದು. ದನ ಮಾತ್ರ ಭಾಲ್ಕಿ, ಔರಾದ ಸೀಮೆಯದೂ ಹೌದು. ಮೈಯೆಲ್ಲ ಬಿಳಿ ಇದ್ದರೆ ಬಾಲಂಕ್ಯಾ, ಬಿಳಿ ಮೈಗೆ ಮುಖ ಕಪ್ಪಿದ್ದರೆ ವಾನ್ನೇರಾ, ಮೈಮೇಲೆ ಕರಿ ಮಚ್ಚೆ ಹರಡಿದ್ದರೆ ವಾಘ್ಯಾ. ಯಾವುದು ಮೇಲು ಎಂಬ ಜಗಳ ಬಿಡು. ಉಬ್ಬಿದ ಹಣೆ, ಜೋತ ಕಿವಿ, ನೆಟ್ಟಗಿನ ಕಾಲು, ಗಟ್ಟಿ ಗೊರಸು ನೋಡು. ಹೋರಿ ಆರಿಸುವಾಗ ಅದರ ತಾಯಿಯ ಕೆಚ್ಚಲನ್ನೂ ನೋಡು. ದೇವಣಿ ಒಕ್ಕಲುತನಕ್ಕೂ ಹಾಲಿಗೂ ಆಗುವ ತಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ವಹಿ. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನು ಜಾರ್ಜ್ ಕೋಟ್ಸ್ ಎಂಬವರು 1822ರಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಯಾವ ಹೋರಿಗೆ ಯಾವ ಆಕಳು ತಾಯಿ ಎಂಬುದು ಅಲ್ಲಿ ಬರವಣಿಗೆಯಲ್ಲಿತ್ತು. ನಮ್ಮಲ್ಲಿ ಆ ಲೆಕ್ಕ ಹಿರಿಯರ ಬಾಯಲ್ಲಿತ್ತು, ಅವರ ಜೊತೆಗೇ ಹೋಯಿತು. ನೋಡಲು ಚೊಕ್ಕವಾಗಿ ಕಾಣುವ ಎಷ್ಟೋ ದನಗಳ ಅಜ್ಜಿ ಯಾವ ಜಾತಿಯದೆಂದು ಈಗ ಯಾರೂ ಹೇಳಲಾರರು. ಅದು ನನಗೆ ಬಹಳ ನೋವಿನ ಸಂಗತಿ. ಆದ್ದರಿಂದ ನೀನು ಬರೆ. ಕೃತಕ ಗರ್ಭಧಾರಣೆ ಮಾಡಿಸಿದಾಗ ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ. ಕಡ್ಡಿ ಎಸೆಯುವ ಮೊದಲು ಅದನ್ನು ವಹಿಗೆ ಇಳಿಸು. ಬೆದೆಯ ತಾರೀಖು, ಈದ ತಾರೀಖು, ದಿನದ ಹಾಲು, ಎಲ್ಲ ಬರಲಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಮಾಡಿಸು; ತಪ್ಪಿದರೆ ಇನ್ನು 21 ದಿನ ಕಾಯಬೇಕು. ಊರ ಹೋರಿಯನ್ನು ಅದರ ಮಗಳ ಮೇಲೇ ಬಿಡಬೇಡ. ಹಾಲಿನ ಆಸೆಗೆ ಜರ್ಸಿ ಬೇಕೆನಿಸಿದರೆ ಬೇರೆ ಆಕಳಿಗೆ ಮಾಡಿಸು, ಚೊಕ್ಕ ದೇವಣಿ ಮಣಕವನ್ನು ಮುಟ್ಟಬೇಡ.

ಕರು ಬಿದ್ದ ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಲಿ. ಅದರ ತೂಕದ ಹತ್ತರಲ್ಲೊಂದು ಪಾಲು ಮೊದಲ ದಿನವೇ ಕುಡಿಸು; 20 ಕಿಲೋ ಕರುವಿಗೆ 2 ಲೀಟರು. ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸು. ಕಾಲು-ಬಾಯಿ ಬೇನೆಯದು ಆರು ತಿಂಗಳಿಗೊಮ್ಮೆ.

ಕಣಿಕಿಯನ್ನು ಕತ್ತರಿಸಿ ಹಾಕು, ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಇರಲಿ. ಮೇಳದಲ್ಲಿ ಮಿಂಚಲೆಂದು ಮಣಕಕ್ಕೆ ಹಿಂಡಿ ತುರುಕಬೇಡ. ಬೊಜ್ಜು ಬಂದ ಮಣಕ ಗಬ್ಬ ನಿಲ್ಲುವುದು ಕಷ್ಟ. ಕರುವಿದ್ದಾಗಿನಿಂದಲೇ ದಿನಾ ಹಗ್ಗ ಹಿಡಿದು ನಡೆಸು, ನಾಲ್ಕೂ ಕಾಲೂರಿ ನಿಲ್ಲಲು ಕಲಿಸು, ಮೈ ತಿಕ್ಕು, ಜನರ ನಡುವೆ ಕರೆದೊಯ್ಯು. ಹೊಡೆದು ಪಳಗಿಸಿದ ಹೋರಿ ಮೈಕಿನ ಸದ್ದಿಗೇ ಬೆದರುತ್ತದೆ, ತೀರ್ಪುಗಾರರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಭಾಲ್ಕಿ ತಾಲೂಕಿನ ಕಟ್ಟಿತೂಗಾಂವದಲ್ಲಿ ವಿಶ್ವವಿದ್ಯಾಲಯದ ದೇವಣಿ ತಳಿಯ ಸಂಶೋಧನಾ ಕೇಂದ್ರವಿದೆ. ಮೇಳಕ್ಕೆ ಮೊದಲು ಅಲ್ಲಿಗೆ ಹೋಗಿ ಅವರ ಹೋರಿಗಳನ್ನು ನೋಡಿ ಬಾ. ಹೋಗುವಾಗ ವಹಿ ಜೊತೆಗಿರಲಿ.