ಮನೆ ಬದಲಿಸಿದರೆ ಮಗ ಬದಲಾಗುತ್ತಾನೆಯೇ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಟ್ಯೂಷನ್ ಮುಗಿಸಿ ಏಳಕ್ಕೆ ಬರಬೇಕಾದವನು ಒಂಬತ್ತಾದರೂ ಬೀಡಾ ಅಂಗಡಿ ಮುಂದೆ ದೊಡ್ಡ ಹುಡುಗರ ಜೊತೆ ನಿಂತಿರುತ್ತಾನೆ. ಮೊನ್ನೆ ಪ್ಯಾಂಟ್ ಒಗೆಯುವಾಗ ಜೇಬಲ್ಲಿ ಗುಟ್ಕಾ ಚೀಟಿ ಸಿಕ್ಕಿತು. ಅವರಪ್ಪ ಬೆಲ್ಟ್ ಎತ್ತಿದರು. ಇವನು ಕೈ ಹಿಡಿದು ತಡೆದ. ಏರಿಯಾನೇ ಸರಿಯಿಲ್ಲ, ಮನೆ ಬದಲಿಸೋಣ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮನೆ ಹುಡುಕುವುದನ್ನು ಸದ್ಯ ನಿಲ್ಲಿಸಿ, ತಾಯಿ. ಅಮೆರಿಕದಲ್ಲಿ 1994ರಿಂದ ಐದು ನಗರಗಳ ಬಡ ಕುಟುಂಬಗಳಿಗೆ ಬಾಡಿಗೆ ನೆರವು ಕೊಟ್ಟು, ಬಡತನ ಕಡಿಮೆಯಿರುವ ಬಡಾವಣೆಗಳಿಗೆ ಕಳಿಸಿ ನೋಡಿದರು. ಹುಡುಗಿಯರ ಮನಸ್ಸು ಹಗುರಾಯಿತು. ಹುಡುಗರಿಗೆ ಅಂಥ ಲಾಭವಾಗಲಿಲ್ಲ, ಕೆಲವು ತೊಂದರೆ ಹೆಚ್ಚೇ ಆದವು. ಅಲ್ಲಿನ ಲೆಕ್ಕ ದಾವಣಗೆರೆಗೆ ಹಾಗೇ ಕೂಡುವುದಿಲ್ಲ ಅನ್ನಿ. ಆದರೆ ಹೊಸ ಬೀದಿಯಲ್ಲೂ ಬೀಡಾ ಅಂಗಡಿ ಇರುತ್ತದೆ. ಬೆಲ್ಟಂತೂ ಸಾಮಾನಿನ ಜೊತೆಗೇ ಬರುತ್ತದೆ.

ನನಗೆ ಹೆಚ್ಚು ಚಿಂತೆ ಆ ಬೆಲ್ಟಿನದೇ. ಬೈಗುಳ, ಎದುರುತ್ತರ, ಏಟು, ಕೊನೆಗೆ ಒಬ್ಬರು ಸುಸ್ತಾಗಿ ಸುಮ್ಮನಾಗುವುದು: ಇಂಥ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್, ಜೋರು ಮಾಡಿದವರದೇ ನಡೆಯುತ್ತದೆಂದು ಮಕ್ಕಳು ಮೊದಲು ಮನೆಯಲ್ಲೇ ಕಲಿಯುತ್ತಾರೆ ಎಂದರು. ನಿಮ್ಮ ಮಗ ತಡೆದ, ತಿರುಗಿ ಹೊಡೆಯಲಿಲ್ಲ. ಇನ್ನೂ ಮರ್ಯಾದೆ ಉಳಿದಿದೆ. ಅದನ್ನು ಪರೀಕ್ಷೆ ಮಾಡಲು ಹೋಗಬೇಡಿರೆಂದು ಯಜಮಾನರಿಗೆ ಹೇಳಿ, ಈ ಪತ್ರವನ್ನೇ ಬೇಕಾದರೆ ಓದಿಸಿ.

ಎಷ್ಟು ಹೊತ್ತಾಗಿ ಬಂದರೂ ರೊಟ್ಟಿ ಬಿಸಿ ಮಾಡಿ ಕೊಟ್ಟು ಎದುರಿಗೆ ಕೂತಿರಿ. ಆಗ ವಿಚಾರಣೆ ಬೇಡ. ಹೇಳಿದರೆ ಏಟು ಬೀಳುವ ಮನೆಯಲ್ಲಿ ಯಾವ ಹುಡುಗನೂ ಬಾಯಿ ಬಿಡುವುದಿಲ್ಲ. ಆ ಹೆದರಿಕೆ ಹೋಗಲು ದಿನ ಹಿಡಿಯುತ್ತದೆ. ಎಂಟರೊಳಗೆ ಮನೆ ಸೇರಬೇಕು ಎಂಬ ಒಂದು ಮಾತನ್ನು ಮಾತ್ರ ಗಂಡ ಹೆಂಡತಿ ಇಬ್ಬರೂ ಬಿಡಬೇಡಿ. ಅಪ್ಪ ಬೇಡ ಅಂದದ್ದಕ್ಕೆ ಅಮ್ಮ ಗುಟ್ಟಾಗಿ ಹೂಂ ಅನ್ನುವುದು ನಮ್ಮ ಮನೆಗಳ ಹಳೇ ರೋಗ.

ಇನ್ನು ಬೀದಿ. ಆ ಅಂಗಡಿ ಮುಂದೆ ನಿಲ್ಲುವ ಬೇರೆ ಹುಡುಗರಿಗೂ ತಾಯಂದಿರಿದ್ದಾರಲ್ಲ, ಅವರಲ್ಲಿ ಇಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಅಂಗಡಿಯವನ ಹತ್ತಿರ ಹೋಗಿ. 18 ತುಂಬದವರಿಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು ಎಂದು ಮೆತ್ತಗೇ ತಿಳಿಸಿ. ಸಾಮಾನ್ಯವಾಗಿ ಅಷ್ಟು ಸಾಕು.

ಗುಟ್ಕಾ ಬಿಡಿಸಲು ಆಗದಿದ್ದರೆ ಅಥವಾ ಮನೆಯಲ್ಲಿ ಮತ್ತೆ ಕೈ ಮಾಡುವ ಹಂತ ಬಂದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ.