ಬಣ್ಣ ಬೇರೆ ಇರುವ ಪ್ರಾಣಿ ಎದುರಾದರೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋದವರಿಗೆ ಅಲ್ಲಿನ ಆಂಜನೇಯನ ಕಥೆ ಗೊತ್ತಿರುತ್ತದೆ. ಸೀತೆಯ ಮುತ್ತಿನ ಮೂಗುತಿ ಕಾವೇರಿಗೆ ಬಿದ್ದಾಗ ಬಾಲದಿಂದ ಮಡು ಕಲಕಿ ಎತ್ತಿಕೊಟ್ಟನಂತೆ. ಅದಕ್ಕೇ ಅವನು ಮುತ್ತೆತ್ತರಾಯ. ಅದೇ ರಾಮಾಯಣದಲ್ಲಿ ಚಿನ್ನದ ಜಿಂಕೆಯ ಪ್ರಸಂಗವೂ ಇದೆ. ಕಾಡಿನಲ್ಲಿ ಜಿಂಕೆಗಳಿಗೇನು ಬರ? ಆದರೂ ರಾಮ ಬಿಲ್ಲು ಹಿಡಿದು ಬೆನ್ನಟ್ಟಿದ್ದು ಬಣ್ಣ ಬೇರೆ ಇದ್ದ ಒಂದನ್ನೇ.

ಹೊಸದಾಗಿ ಕಾಡು ನೋಡಲು ಹೊರಟವರು ಈಗಲೂ ಕೇಳುತ್ತಾರೆ: ಬಿಳಿ ಜಿಂಕೆಯೋ ಕರಿ ಚಿರತೆಯೋ ಎದುರಾದರೆ ಹಿಡಿಯಬಹುದಾ, ಹೊಡೆಯಬಹುದಾ, ಇಲ್ಲಾ ಕೈಮುಗಿದು ಬರಬೇಕಾ? ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು, ಕಂಡದ್ದು ನಿಜಕ್ಕೂ ವಿಚಿತ್ರವೇ ಎಂದು ನೋಡೋಣ.

ಬಹುಪಾಲು ಸಲ ಅಲ್ಲ. ಮದ್ದೂರಿನ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಹುಳು ಹೆಕ್ಕುವ ಗೋವಕ್ಕಿಯನ್ನು ನೋಡಿ. ವರ್ಷದ ಹೆಚ್ಚಿನ ದಿನ ಅಚ್ಚ ಬಿಳುಪು. ಮರಿ ಮಾಡುವ ಕಾಲ ಬಂತೆಂದರೆ ತಲೆ, ಕುತ್ತಿಗೆ, ಬೆನ್ನಿಗೆ ಕಿತ್ತಳೆ ಬಣ್ಣ ಬರುತ್ತದೆ. ಇದು ಬೇರೆ ಹಕ್ಕಿ ಎಂದು ವಾದಿಸುವವರಿದ್ದಾರೆ. ಕೊಕ್ಕರೆಬೆಳ್ಳೂರಿನಲ್ಲಿಯೂ ಹಾಗೆಯೇ: ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿ ದೊಡ್ಡವಕ್ಕೆ ಮಾತ್ರ, ಮರಿಗಳು ಮಾಸಲು ಕಂದು. ಕಬ್ಬಿನ ಗದ್ದೆಯಿಂದ ಹೊರಬರುವ ಕಾಡುಹಂದಿಯ ಮರಿಗಳಂತೂ ಎಲ್ಲರನ್ನೂ ಬೆಚ್ಚಿಬೀಳಿಸುತ್ತವೆ. ಕಂದು ಮೈ, ಉದ್ದಕ್ಕೂ ಹಳದಿ ಪಟ್ಟೆ. ಕೆಲವು ತಿಂಗಳಲ್ಲಿ ಪಟ್ಟೆ ಮಾಸಿ ತಾಯಿಯಂತಾಗುತ್ತವೆ. ಹಂದಿಯ ಮೈಮೇಲೆ ಬಿಳಿ ಮಚ್ಚೆಗಳಿದ್ದರೆ ಊರಹಂದಿಯ ರಕ್ತ ಬೆರೆತಿರುವ ಸಾಧ್ಯತೆ ಹೆಚ್ಚು. ಬಿಳಿ ಮುಖದ ಗೂಬೆ ಕಂಡು ಹೆದರುವವರೂ ಇದ್ದಾರೆ. ಅದು ಕಣಜ ಗೂಬೆ, ಇರುವುದೇ ಹಾಗೆ. ರೈತನ ಇಲಿ ತಿಂದು ಬದುಕುವ ಹಕ್ಕಿಯನ್ನು ಮಾಟ-ಮಂತ್ರಕ್ಕೆಂದು ಹಿಡಿದು ಮಾರುತ್ತಾರಲ್ಲ, ಅವರ ಬುದ್ಧಿಗೆ ಏನೆನ್ನಬೇಕೋ!

ಇವನ್ನೆಲ್ಲ ಬಿಟ್ಟ ಮೇಲೂ ನಿಜವಾಗಿ ಬಣ್ಣಗೆಟ್ಟವು ಕೆಲವು ಉಳಿಯುತ್ತವೆ. ಚರ್ಮ, ಕೂದಲು, ಕಣ್ಣಿಗೆ ಕಪ್ಪು-ಕಂದು ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿದ್ದರೆ ಪ್ರಾಣಿ ಪೂರ್ತಿ ಬಿಳಿ, ಕಣ್ಣು ಗುಲಾಬಿ ಅಥವಾ ಕೆಂಪು. ಇದು ಆಲ್ಬಿನೊ. ಮೈ ಬಿಳಿಯಾಗಿದ್ದೂ ಕಣ್ಣು ಎಂದಿನಂತೆ ಕಪ್ಪಗಿದ್ದರೆ ಅದು ಬೇರೆ ಸಂಗತಿ, ಲ್ಯೂಸಿಸಂ. ಆದ್ದರಿಂದ ಬಿಳಿ ಪ್ರಾಣಿ ಕಂಡರೆ ಮೈ ನೋಡಿ ನಿಲ್ಲಬೇಡಿ, ಕಣ್ಣು ನೋಡಿ.

ಮೆಲನಿನ್ ಹೆಚ್ಚಾದರೆ ಕರಿ ಚಿರತೆ. ಅದು ಬೇರೆ ಜಾತಿಯಲ್ಲ. ಓರೆ ಬಿಸಿಲು ಬಿದ್ದಾಗ ಕಪ್ಪಿನೊಳಗೇ ಚುಕ್ಕೆಗಳ ಗುಚ್ಛ ಕಾಣುತ್ತದೆ. ಚಿರತೆಯಲ್ಲಿ ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಹೊರಗೆ ಕಾಣುವಂಥದ್ದು. ಹಾಗಾಗಿ ಚುಕ್ಕೆಯ ತಾಯಿಗೆ ಒಂದು ಕಪ್ಪು, ಒಂದು ಚುಕ್ಕೆಯ ಮರಿ ಒಟ್ಟಿಗೆ ಹುಟ್ಟಬಹುದು. ಕಬಿನಿಯಂಥ ದಟ್ಟ ಕಾಡಿನಲ್ಲಿ ಕಪ್ಪು ಚಿರತೆ ಇದ್ದು ಹೆಸರಾಗಿದೆ; ನಮ್ಮ ಮಳವಳ್ಳಿ ಕಡೆಯ ಕುರುಚಲು ಬೆಟ್ಟಗಳಂಥ ಒಣಕಾಡಿನಲ್ಲಿ ಅಪರೂಪ.

ಈಗ ಬೇಟೆಯ ಮಾತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ 1959ರಲ್ಲಿ ತಂದ ಒಂದು ಪುಸ್ತಕದ ಹೆಸರೇ ಶಿವನಿಪಳ್ಳಿಯ ಕರಿ ಚಿರತೆ. ಊರು ಗಡಿಯಾಚೆ, ಡೆಂಕಣಿಕೋಟೆಯ ಹತ್ತಿರ. ಸಾಮಾನ್ಯ ಚಿರತೆಯಾಗಿದ್ದರೆ ಆ ಹೆಸರು ಮುಖಪುಟಕ್ಕೆ ಏರುತ್ತಿತ್ತೇ? ಅನುಮಾನ. ಇದಕ್ಕೆ ತಿರುಗುಮುರುಗಾದದ್ದು ಮಧ್ಯಭಾರತದ ರೀವಾದಲ್ಲಿ ನಡೆಯಿತು. 1951ರಲ್ಲಿ ಅಲ್ಲಿನ ಮಹಾರಾಜ ಮಾರ್ತಾಂಡ ಸಿಂಗ್ ಬೇಟೆಗೆ ಹೋದಾಗ ತಾಯಿಹುಲಿಯ ಜೊತೆ ಒಂದು ಬಿಳಿ ಮರಿಯೂ ಇತ್ತು. ತಾಯಿ, ಒಡಹುಟ್ಟಿದ ಮರಿಗಳು ಗುಂಡೇಟಿಗೆ ಬಲಿಯಾದವು. ಬಿಳಿಯದನ್ನು ಮಾತ್ರ ಹಿಡಿದು ಮೋಹನ್ ಎಂದು ಹೆಸರಿಟ್ಟು ಸಾಕಿದರು. ಇನ್ನಷ್ಟು ಬಿಳಿ ಮರಿಗಳು ಬೇಕೆಂದು ಅವನನ್ನು ಅವನ ಮಗಳೊಂದಿಗೇ ಕೂಡಿಸಿದರು. ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಹೆಚ್ಚಿನವು ಆ ವಂಶದವೇ; ಮಾಲುಗಣ್ಣು ಮೊದಲಾದ ತೊಂದರೆಗಳು ಜೊತೆಗೇ ಬಂದವು.

ನನ್ನನ್ನು ಕಾಡುವುದು ಸತ್ತ ಆ ಹಳದಿ ಮರಿಗಳು. ಅವುಗಳ ಮೈಯಲ್ಲೂ ಬಿಳಿಯ ಗುಣ ಅಡಗಿದ್ದಿರಬಹುದು. ಬಣ್ಣ ಬೇರೆ ಎಂದು ಹೊಡೆಯುವುದು ಎಷ್ಟು ತಪ್ಪೋ, ಬಣ್ಣ ಬೇರೆ ಎಂದು ಅದೊಂದನ್ನೇ ಉಳಿಸಲು ಹೊರಡುವುದೂ ಅಷ್ಟೇ ಅರ್ಧಂಬರ್ಧ. ಒಡಿಶಾದ ಸಿಮ್ಲಿಪಾಲದ ಕಪ್ಪು ಹುಲಿಗಳನ್ನು ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ ಅಧ್ಯಯನ ಮಾಡಿ 2021ರಲ್ಲಿ ಹೇಳಿದ್ದು, ಬಣ್ಣವೊಂದನ್ನೇ ನೋಡಿದರೆ ಸಾಲದೆಂಬ ಈ ಮಾತಿಗೆ ಹೊಂದುತ್ತದೆ. ಸುತ್ತಲಿನ ಕಾಡುಗಳ ಸಂಪರ್ಕ ಕಡಿದು ಹುಲಿಗಳು ತಮ್ಮತಮ್ಮಲ್ಲೇ ಕೂಡಿ ಬೆಳೆದದ್ದರಿಂದ ಅಂಥ ಅಪರೂಪದ ಗುಣ ಅಲ್ಲಿ ಮಾಮೂಲಾಗಿಬಿಟ್ಟಿದೆ. ಬೆರಗು ಪಡುವಾಗ ಈ ಕಾರಣವೂ ನೆನಪಿರಲಿ.

ಕಾನೂನಿಗೆ ಬಣ್ಣ ಲೆಕ್ಕಕ್ಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಳಿ ಜಿಂಕೆಯೂ ಜಿಂಕೆಯೇ. ಮುತ್ತತ್ತಿ, ಭೀಮೇಶ್ವರಿ ಸುತ್ತಿನ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಅಭಯಾರಣ್ಯದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹೊರಗಿನ ಹೊಲಕ್ಕೆ ಹಂದಿ ನುಗ್ಗಿ ಬೆಳೆ ಹಾಳು ಮಾಡುತ್ತಿದ್ದರೂ ಅದನ್ನು ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ರೈತರ ನಷ್ಟ ಸಣ್ಣದಲ್ಲ, ಬಲ್ಲೆ. ಪರಿಹಾರಕ್ಕೆ ಅಲೆಯುವ ಕಷ್ಟವೂ ಗೊತ್ತು. ಆದರೂ ಬೇಲಿಗೆ ಕಟ್ಟುವ ಬೈಕಿನ ಕ್ಲಚ್ ವೈರಿನ ಉರುಲು ಬೇಡ. ಹಂದಿಗೆಂದು ಒಡ್ಡಿದ್ದಕ್ಕೆ ಚಿರತೆ ಸೊಂಟ ಸಿಕ್ಕಿಸಿಕೊಂಡು ನರಳುತ್ತದೆ. ಬಿಡಿಸಲು ಬಂದವರ ಮೇಲೂ ಎರಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ನಿಂತಲ್ಲೇ ನಿಲ್ಲಿ, ಅದು ಹೋಗಲು ದಾರಿ ಬಿಡಿ. ಬಿಳಿ ನಾಗರವಾದರೆ ಹಾಲು ಹಿಡಿದು ಹತ್ತಿರ ಹೋಗಬೇಡಿ. ಹಾವು ಹಾಲು ಕುಡಿದು ಬದುಕುವುದಿಲ್ಲ, ವಿಷವಂತೂ ಬಣ್ಣದೊಂದಿಗೆ ಹೋಗಿರುವುದಿಲ್ಲ. ಫೋಟೊ ಸಿಕ್ಕರೆ ಕಣ್ಣಿನ ಬಣ್ಣ ಕಾಣುವಂತಿರಲಿ, ಆದರೆ ಅದಕ್ಕಾಗಿ ಬೆನ್ನಟ್ಟಬೇಡಿ. ದಿನ, ಹೊತ್ತು, ಒಂಟಿಯೋ ಗುಂಪಿನಲ್ಲೋ ಎಂದು ಬರೆದಿಟ್ಟುಕೊಳ್ಳಿ. ಗಾಯಗೊಂಡಿದ್ದರೆ, ಊರೊಳಗೆ ಬಂದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಜಾಗದ ಹೆಸರನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಕಿದರೆ ಮರುದಿನ ಅಲ್ಲಿಗೆ ಯಾರು ಯಾರು ಬರುತ್ತಾರೋ ನಿಮಗೆ ತಿಳಿಯುವುದಿಲ್ಲ.