ಕೋಣಗರು ತರುವ ಮುನ್ನ ಹುಲ್ಲು ತೂಗಿ

ಮುರಬಾಡ, ಶಹಾಪುರ, ವಾಡಾ, ಕರ್ಜತ್ ಕಡೆ ಎರಡು ಮೂರು ಎಕರೆ ಮಾಡಿಟ್ಟುಕೊಂಡ ಮುಂಬಯಿಯ ಗೆಳೆಯರು ಮಾಂಸಕ್ಕಾಗಿ ಕೋಣಗರು ಸಾಕುವ ಮಾತೆತ್ತಿದರೆ, ಮೊದಲು ವಿಚಾರಿಸುವುದು ಮಾರಾಟದ ಬೆಲೆ. ಕರುವಿನ ಮೈ ಒಂದು ಕೆಜಿ ಏರಲು ಎಷ್ಟು ಖರ್ಚು ಎಂದು ಕೇಳುವವರು ಕಡಿಮೆ. ನಷ್ಟ ಶುರುವಾಗುವುದೇ ಅಲ್ಲಿ.

1. ಕಾನೂನು. ಮಹಾರಾಷ್ಟ್ರದಲ್ಲಿ ಹಸುವಿನ ವಧೆ ಮೊದಲೇ ನಿಷಿದ್ಧವಾಗಿತ್ತು, 2015ರಿಂದ ಹೋರಿ, ಎತ್ತುಗಳ ವಧೆಯೂ ನಿಷಿದ್ಧ. ಎಮ್ಮೆ, ಕೋಣಗಳಿಗೆ ಈ ನಿಷೇಧವಿಲ್ಲ. ಆದರೆ ವಧೆಗೆ ಪರವಾನಗಿ ಇರುವ ಕಸಾಯಿಖಾನೆಯೇ ಆಗಬೇಕು. ಈ ಸಾಕಣೆಯನ್ನೇ ಕರ್ನಾಟಕದ ಊರಿನ ಜಮೀನಿನಲ್ಲಿ ಮಾಡುವ ಯೋಚನೆ ಬೇಡ. ಅಲ್ಲಿನ 2020ರ ಕಾಯ್ದೆ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆಯನ್ನೂ ನಿಷೇಧಿಸಿದೆ.

2. ಕರುವಿನ ಆಯ್ಕೆ. ಗೋರೆಗಾಂವ್, ಜೋಗೇಶ್ವರಿಯ ತಬೇಲಾಗಳಲ್ಲಿ (ಹಾಲಿನ ಎಮ್ಮೆಗಳ ಕೊಟ್ಟಿಗೆಗಳಲ್ಲಿ) ಹಾಲಿಗೇ ಬೆಲೆ, ಗಂಡುಕರುವಿಗೆ ಇಲ್ಲ. ಅಗ್ಗಕ್ಕೆ ಸಿಗುತ್ತದೆಂದು ಎಳೆಗರು ತರಬೇಡಿ. ಗಿಣ್ಣುಹಾಲು ಸರಿಯಾಗಿ ಕಾಣದ ಕರು ಉಳಿಯುವುದು ಕಷ್ಟ. ಬೇಸಿಗೆಯ ಕೊನೆಗೆ, ವರ್ಷ ತುಂಬಿದ, ಮೈ ಇಳಿದಿದ್ದರೂ ಎಲುಬು ಗಟ್ಟಿಯಾಗಿರುವ ಕರು ನೋಡಿ. ಮಳೆಗೆ ಮುಂಚೆಯೇ ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ರೋಗದ ಲಸಿಕೆ ಮತ್ತು ಜಂತುಹುಳದ ಔಷಧ ಹಾಕಿಸಿ.

3. ತೂಕ. ದಲ್ಲಾಳಿಯ ಕಣ್ಣಂದಾಜು ನಂಬಬೇಡಿ. ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಹೆಗಲ ತುದಿಯಿಂದ ಬಾಲದ ಬುಡದ ಎಲುಬಿನವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 52, ಉದ್ದ 45 ಇದ್ದರೆ ತೂಕ ಸುಮಾರು 184 ಕೆಜಿ. ತಿಂಗಳಿಗೊಮ್ಮೆ ಅಳೆದು ಬರೆದಿಡಿ.

4. ಹುಲ್ಲು. ಆಗಸ್ಟ್‌ನಲ್ಲಿ ಹೊಲದ ನಾಲ್ಕು ಕಡೆ ಒಂದೊಂದು ಚದರ ಮೀಟರ್ ಹುಲ್ಲು ಕೊಯ್ದು ತೂಗಿ. ಸರಾಸರಿ ಒಂದು ಕೆಜಿ ಬಂದರೆ ಎಕರೆಗೆ 4,000 ಕೆಜಿ. ತುಳಿತಕ್ಕೆ ಹೋಗುವುದು, ಮತ್ತೆ ಚಿಗುರಲು ಬಿಡಬೇಕಾದದ್ದು ಕಳೆದರೆ ಬಾಯಿಗೆ ಸಿಗುವುದು ಅರ್ಧ. ಮೂರು ಎಕರೆಗೆ 6,000 ಕೆಜಿ ಆಯಿತು. 150 ಕೆಜಿಯ ಕರುವಿಗೆ ದಿನಕ್ಕೆ ಸುಮಾರು 20 ಕೆಜಿ ಹಸಿಹುಲ್ಲು ಬೇಕು. 120 ದಿನಕ್ಕೆ 2,400 ಕೆಜಿ. ಮರುಚಿಗುರು ಸೇರಿಸಿದರೂ ಮೂರು, ಹೆಚ್ಚೆಂದರೆ ನಾಲ್ಕು ಕರು. ಇದೇ ಮೂರು ಎಕರೆಗೆ ಹತ್ತು ಕರು ತರುವವರೇ ಸೋಲುವುದು.

5. ಬೇಸಿಗೆ: ಗಂಟು ಕರಗುವ ಜಾಗ. ಇದನ್ನು ಎಷ್ಟು ಹೇಳಿದರೂ ಸಾಲದು. ಕೊಂಕಣದ ಹುಲ್ಲು ಮಳೆಯಲ್ಲಿ ಸರಸರನೆ ಬೆಳೆದು ಅಷ್ಟೇ ಬೇಗ ಬಲಿಯುತ್ತದೆ. ತೆನೆ ಒಡೆದು ಬೀಜ ಉದುರಿದ ಮೇಲೆ ಅದರಲ್ಲಿ ಪ್ರೋಟೀನ್ ಶೇ. 3–4ಕ್ಕೆ ಇಳಿಯುತ್ತದೆ. ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಶೇ. 7ರಷ್ಟಾದರೂ ಬೇಕು. ಅಷ್ಟು ಸಿಗದಾಗ ಕರುವಿನ ಹೊಟ್ಟೆ ತುಂಬಿರುತ್ತದೆ, ಮೈ ಮಾತ್ರ ಇಳಿಯುತ್ತದೆ. ಮಳೆಗಾಲದ 120 ದಿನ ದಿನಕ್ಕೆ 400 ಗ್ರಾಂ ಏರಿದರೆ 48 ಕೆಜಿ ಬಂತು. ಜನವರಿಯಿಂದ ಮೇವರೆಗಿನ 150 ದಿನ ದಿನಕ್ಕೆ 200 ಗ್ರಾಂ ಇಳಿದರೆ 30 ಕೆಜಿ ಹೋಯಿತು. ಮುಂದಿನ ಮಳೆಗಾಲದಲ್ಲಿ ಅದೇ 30 ಕೆಜಿಗೆ ಮತ್ತೊಮ್ಮೆ ಮೇವು ಹಾಕಬೇಕು.

‘ಒಣಹುಲ್ಲು ಕೊಂಡರಾಯಿತು’ ಎನ್ನಬೇಡಿ. ಪಾಲ್ಘರ್, ವಾಡಾ ಕಡೆಯ ಒಣಹುಲ್ಲು ಲಾರಿ ಲಾರಿ ಮುಂಬಯಿ ತಬೇಲಾಗಳಿಗೆ ಹೋಗುತ್ತದೆ. ಹಾಲು ಮಾರುವವನು ಕೊಡುವ ಬೆಲೆಯನ್ನು ಮಾಂಸಕ್ಕೆ ಸಾಕುವವನು ಕೊಟ್ಟರೆ ಉಳಿಯುವುದೇನೂ ಇಲ್ಲ. ಆದ್ದರಿಂದ ‘ದರ ಏರಲಿ’ ಎಂದು ಕಾಯದೆ, ಹುಲ್ಲು ಒಣಗುತ್ತಿದ್ದಂತೆ, ಡಿಸೆಂಬರ್ ಒಳಗೆ, ಮೈ ತುಂಬಿದ ಕೋಣಗಳನ್ನು ಮಾರಿಬಿಡಿ. ಉಳಿಸಿಕೊಳ್ಳಲೇಬೇಕಾದವಕ್ಕೆ 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ಪ್ಲಾಸ್ಟಿಕ್ ಹೊದೆಸಿ ಗಾಳಿಯಾಡದಂತೆ 21 ದಿನ ಮುಚ್ಚಿಡಿ. ಬಿಚ್ಚಿದ ಮೇಲೆ ಘಾಟು ಹೋಗುವವರೆಗೆ ಹರಡಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ. ಯೂರಿಯಾ ನೀರು ಕುಡಿದ ಕರು ಸಾಯುತ್ತದೆ. ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರವೂ ಇಡಬೇಡಿ.

6. ಮಾರಾಟ. ಕಿವಿಗೆ 12 ಅಂಕಿಯ ಟ್ಯಾಗ್, ಸಾಗಿಸಲು ಪಶುವೈದ್ಯರ ಪ್ರಮಾಣಪತ್ರ, ಖರೀದಿಯ ಚೀಟಿ ಕೈಯಲ್ಲಿರಲಿ. ಎಲುಬು ಸೇರಿ ಮಾಂಸ ಸಿಗುವುದು ಜೀವಂತ ತೂಕದ ಹೆಚ್ಚುಕಡಿಮೆ ಅರ್ಧ. ದರ ಕುದುರಿಸುವಾಗ ನೆನಪಿರಲಿ.

ಮೊದಲ ವರ್ಷ ಎರಡೇ ಕರು ತನ್ನಿ. ಕರುವಿನ ಬೆಲೆ, ಆಳಿನ ಕೂಲಿ, ಔಷಧ, ಸಾಗಾಟ ಎಲ್ಲ ಕೂಡಿಸಿ ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿ. ಲಾಭ ಕಾಣದಿದ್ದರೆ ಕರು ಬಿಡಿ, ಹುಲ್ಲನ್ನೇ ಕೊಯ್ದು ತಬೇಲಾಕ್ಕೆ ಮಾರಿ.